ಮದ್ಯ ಮತ್ತು ಮನಸ್ಸಾಕ್ಷಿ: ನೆರವು ಕೋರುವ ಮುನ್ನಿನ ಆತ್ಮಶೋಧನೆ

ಕಳೆದುಹೋದ ಮಗನ ಸಾಮತಿಯನ್ನು (ಲೂಕ 15:11-32) ಬೋಧಿಸುವಾಗ ನಾವು ತಂದೆಯ ಅಪ್ಪುಗೆಗೆ ಹೆಚ್ಚು ಒತ್ತುಕೊಡುತ್ತೇವೆ. ಅದಕ್ಕೆ ಮುನ್ನ, ಹಂದಿಗಳ ನಡುವೆ ಮಗನು ಒಬ್ಬನೇ ತನ್ನ ಸ್ಥಿತಿಯನ್ನು ಅಳೆದುನೋಡಿದ ಗಳಿಗೆಯೊಂದಿದೆ. ಅಲ್ಲಿ ಉಪದೇಶಕರಿಲ್ಲ. ಅವನು ತನ್ನೊಳಗೇ ಮಾತನಾಡಿಕೊಂಡು, ಹೇಳಬೇಕಾದುದನ್ನು ಸಿದ್ಧಪಡಿಸಿಕೊಂಡು, ಅನಂತರವೇ ಎದ್ದು ಹೊರಡುತ್ತಾನೆ. ತನ್ನ ಕುಡಿತದ ಬಗ್ಗೆ ಒಳಗೊಳಗೇ ಚಿಂತಿಸುವವನು ಇರುವುದು ಈ ಗಳಿಗೆಯಲ್ಲಿ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಅಂಗಡಿಗಳು ಮುಚ್ಚಿದವು, ಕುಡಿತ ನಿಲ್ಲಲಿಲ್ಲ. ಕಾನೂನು ಮನಸ್ಸಾಕ್ಷಿಯನ್ನು ಪ್ರವೇಶಿಸಲಾರದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಮದ್ಯದಂಗಡಿಗೆ ಹೋದವನನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ವ್ಯಸನಮುಕ್ತಿ ಕೇಂದ್ರಕ್ಕೆ ಹೋದವನ ಸುದ್ದಿಯಾದರೋ ಸಂಜೆಯೊಳಗೆ ಊರಿಗೆಲ್ಲ ಮುಟ್ಟುತ್ತದೆ. ಯಾಜಕನಿಗಂತೂ ಈ ಭಯ ಇಮ್ಮಡಿ. ಆದುದರಿಂದ ಏಕಾಂತದ ಚಿಂತನೆಯನ್ನು ಹೇಡಿತನವೆಂದು ನಾವು ಹಳಿಯಲಾಗದು.

ಆ ಚಿಂತನೆಗೆ ಕ್ರಮವೊಂದು ಬೇಕು. ಸಂತ ಇಗ್ನೇಷಿಯಸರು ಕಲಿಸಿದ ಆತ್ಮಪರಿಶೋಧನೆ ಕೃತಜ್ಞತೆಯಿಂದ ಆರಂಭವಾಗುತ್ತದೆ. ಬೆಳಕಿಗಾಗಿ ಪ್ರಾರ್ಥಿಸಿದ ಮೇಲೆ ದಿನವನ್ನು ಗಳಿಗೆಗಳಿಗೆಯಾಗಿ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿಯೂ ಇಲ್ಲಿ ಉಪಯುಕ್ತ. ಎಷ್ಟು ಬಾರಿ, ಎಷ್ಟು ಪ್ರಮಾಣ? ಆರಂಭಿಸಿದ ಮೇಲೆ ನಿಲ್ಲಿಸಲಾಗಲಿಲ್ಲವೇ? ಕರ್ತವ್ಯ ತಪ್ಪಿತೇ? ಬೆಳಗ್ಗೆಯೇ ಬೇಕೆನಿಸಿತೇ? ಹಿಂದಿನ ರಾತ್ರಿಯ ನೆನಪು ಅಳಿಯಿತೇ? ಸಾಮಾನ್ಯವಾಗಿ 8 ಅಥವಾ ಹೆಚ್ಚಿನ ಅಂಕವನ್ನು ಎಚ್ಚರಿಕೆಯೆಂದು ಗಣಿಸುತ್ತಾರೆ, ಅದು ತೀರ್ಪಲ್ಲ. ‘ನೀನು ಕುಡುಕನೋ?’ ಎಂದು ಕೇಳಿದರೆ ಯಾರಾದರೂ ಅಲ್ಲವೆನ್ನುವರು. ‘ಕಬ್ಬಿನ ಬಿಲ್ಲು ಬಂದ ವಾರ ಎಷ್ಟು ಕುಡಿದೆ?’ ಎಂದು ತನ್ನನ್ನೇ ಕೇಳಿಕೊಂಡವನಿಗೆ ಉತ್ತರ ಗೊತ್ತಿರುತ್ತದೆ.

ಆದರೂ ಏಕಾಂತಕ್ಕೆ ಮಿತಿಯುಂಟು. ಸಂತ ಅಗಸ್ಟೀನರು ‘ಕನ್ಫೆಷನ್ಸ್’ ಕೃತಿಯ 9ನೆಯ ಭಾಗದಲ್ಲಿ ತಾಯಿ ಮೋನಿಕಾಳ ಬಾಲ್ಯವನ್ನು ಸ್ಮರಿಸುತ್ತಾರೆ. ಪೀಪಾಯಿಯಿಂದ ದ್ರಾಕ್ಷಾರಸ ತರುವಾಗ ಬರಿಯ ಗುಟುಕಿನಿಂದ ಮೊದಲಾದ ಅಭ್ಯಾಸ ಬಟ್ಟಲಿಗೇರಿತು. ಅವಳ ಕಣ್ಣು ತೆರೆಸಿದ್ದು ದಾಸಿಯೊಬ್ಬಳ ಚುಚ್ಚುಮಾತು. ಚಟವು ತನ್ನನ್ನು ತಾನೇ ಸಮರ್ಥಿಸಿಕೊಳ್ಳಬಲ್ಲುದು. ಆದಕಾರಣ ಮತ್ತೊಬ್ಬರ ಕಣ್ಣು ಬೇಕು. ಅಭ್ಯಾಸಬಲವು ಹೊಣೆಗಾರಿಕೆಯನ್ನು ತಗ್ಗಿಸಬಹುದೆಂದು ಕಥೋಲಿಕ ಧರ್ಮೋಪದೇಶವೂ (1735) ಹೇಳುತ್ತದೆ. ಇದು ಪಾಪನಿವೇದನೆ ಕೇಳುವ ಗುರುವಿಗೆ ತಾಳ್ಮೆಯ ಪಾಠ.

ಇಲ್ಲಿ ಜೀವಕ್ಕೇ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಬಹುಕಾಲ ಪ್ರತಿದಿನವೂ ವಿಪರೀತವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಬುದ್ಧಿಭ್ರಮಣೆ ತಲೆದೋರಬಹುದು, ಪ್ರಾಣಾಪಾಯವೂ ಉಂಟು. ಅಂಥವನಿಂದ ಪೀಠದ ಮುಂದೆ ಆಣೆ ಮಾಡಿಸುವ ಮೊದಲು ವೈದ್ಯರ ಬಳಿಗೆ ಕಳುಹಿಸಬೇಕು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಮುಖ ತೋರಿಸಲು ಅಂಜುವವನು ಟೆಲಿ ಮಾನಸ್‌ಗೆ (14416) ಕರೆಮಾಡಬಹುದು.

ಯಾಜಕರನ್ನೂ ಧರ್ಮಸಭೆ ಮರೆತಿಲ್ಲ. ಮದ್ಯವನ್ನು ತುಸುವೂ ಸೇವಿಸಲಾಗದ ಗುರುವು ಬಲಿಪೂಜೆಯಲ್ಲಿ ಹುದುಗದ ದ್ರಾಕ್ಷಾರಸವನ್ನು ಬಳಸಲು ಧರ್ಮಾಧ್ಯಕ್ಷರು ಅನುಮತಿ ನೀಡಬಹುದೆಂದು ವಿಶ್ವಾಸಬೋಧನಾ ಮಂಡಲಿಯ 2003ರ ಪತ್ರ ತಿಳಿಸುತ್ತದೆ. ಅಂದರೆ, ಸತ್ಯವನ್ನು ಒಪ್ಪಿಕೊಂಡವನಿಗೆ ಪೀಠದ ಬಳಿ ಸ್ಥಳವಿದೆ.

1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ 12 ಮೆಟ್ಟಿಲುಗಳಲ್ಲಿ ನಾಲ್ಕನೆಯದು ತನ್ನ ಬಾಳಿನ ನೈತಿಕ ಲೆಕ್ಕ. ಐದನೆಯದು ಅದನ್ನು ದೇವರಿಗೆ, ತನಗೆ, ಮತ್ತೊಬ್ಬ ಮನುಷ್ಯನಿಗೆ ಒಪ್ಪಿಸುವುದು. ನಾಲ್ಕರಲ್ಲಿ ನಿಂತವನನ್ನು ಐದಕ್ಕೆ ತಳ್ಳುವುದು ನಮ್ಮ ಕೆಲಸವಲ್ಲ. ಅವನು ಕಾಲೆತ್ತಿಟ್ಟಾಗ ಆಲಿಸಲು ಸಿದ್ಧರಿರುವ ಆ ಮತ್ತೊಬ್ಬ ಮನುಷ್ಯರಾಗುವುದು ನಮ್ಮ ಕೆಲಸ.