ಹಾರುವುದನ್ನು ಕಲಿಸುವ ಕಾಯಕ: ಯಾವ ಪ್ರಮಾಣಪತ್ರ ನಮ್ಮ ಮಕ್ಕಳಿಗೆ?

ಚಿತ್ರದುರ್ಗ ಸೀಮೆಯ ರೈತ ಮುಗಿಲನ್ನು ನೋಡುತ್ತಿದ್ದುದು ಮಳೆಗಾಗಿ. ಆ ಮುಗಿಲಿನಲ್ಲಿ ಈಗ ಬೇರೆ ಸದ್ದುಗಳೂ ಕೇಳಿಬರುತ್ತಿವೆ. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಅಲ್ಲಿಂದ ಮೊದಲ ಬಾರಿ ಹಾರಿತು. 2023ರ ಏಪ್ರಿಲಿನಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಮಾದರಿಯೊಂದು ಅಲ್ಲಿಯ ರನ್‌ವೇಯಲ್ಲಿ ತಾನಾಗಿಯೇ ಇಳಿಯಿತು. ಅದೇ ವರ್ಷದ ಆಗಸ್ಟ್ 20ರಂದು ತಪಸ್ ಹೆಸರಿನ ಚಾಲಕರಹಿತ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಾಗ ಜನ ಗುಂಪುಗೂಡಿ ನೋಡಿದರು.

ಇಂಥ ನೆಲದ ಮಕ್ಕಳಿಗೆ ಹಾರಾಟದ ಕನಸು ಹುಟ್ಟಿದರೆ ಆಶ್ಚರ್ಯವೇನಿಲ್ಲ. ಆದರೆ ಕನಸಿನ ಬೆಲೆ ತೆರುವವರು ತಂದೆತಾಯಿಗಳು. ಮದುವೆಯೊಂದರಲ್ಲಿ ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು: “ಸ್ವಾಮಿ, ತೋಟ ಅಡವಿಟ್ಟು ಮಗನಿಗೆ ಪೈಲಟ್ ಲೈಸೆನ್ಸ್ ಕೊಡಿಸಿದೆವು. ಕಂಪನಿಯವರು ಕರೆಯಲಿಲ್ಲ. ಈಗ ಕಲಿಸುವ ಮೇಷ್ಟರಾಗುತ್ತೇನೆ, ಅದಕ್ಕೂ ಒಂದು ಸರ್ಟಿಫಿಕೇಟು ಬೇಕು ಅನ್ನುತ್ತಾನೆ. ಅದರಲ್ಲೂ ಬಗೆಬಗೆ ಇವೆಯಂತೆ. ಇನ್ನೆಷ್ಟು ಸಾಲ ಮಾಡಲಿ?” ಅದೇ ತಿಂಗಳು ಹೊಸದುರ್ಗದ ಸ್ತ್ರೀಶಕ್ತಿ ಸಂಘವೊಂದರ ತರುಣಿ, ತಾನು ಕಲಿತ ಡ್ರೋನ್ ವಿದ್ಯೆಯನ್ನು ಇತರರಿಗೆ ಕಲಿಸಲು ಏನು ಮಾಡಬೇಕೆಂದು ಕೇಳಿದಳು. ಇಬ್ಬರ ಪ್ರಶ್ನೆಯೂ ಒಂದೇ. ಆದುದರಿಂದ ನಾವು ವಿಚಾರಿಸಿ ತಿಳಿದುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಸಹಾಯಕ ಬೋಧಕ, ಪೂರ್ಣ ಬೋಧಕ

ನಮ್ಮ ದೇಶದಲ್ಲಿ ವಿಮಾನ ಹಾರಾಟದ ಪರವಾನಗಿಗಳನ್ನು ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಕನಿಷ್ಠ 18 ವರ್ಷ ವಯಸ್ಸು, 200 ಗಂಟೆಗಳ ಹಾರಾಟ ಮತ್ತು ಮೊದಲ ದರ್ಜೆಯ ವೈದ್ಯಕೀಯ ಅರ್ಹತೆ ಬೇಕು. ಬೋಧಕನಾಗಬಯಸುವವನು ಈ ಲೈಸೆನ್ಸನ್ನು ಚಾಲ್ತಿಯಲ್ಲಿ ಇಟ್ಟುಕೊಂಡೇ ಮುಂದಿನ ಮೆಟ್ಟಿಲು ಹತ್ತಬೇಕು.

ಆ ಮೆಟ್ಟಿಲುಗಳು ಎರಡು. ಮೊದಲನೆಯದು ಸಹಾಯಕ ಹಾರಾಟ ಬೋಧಕನ ರೇಟಿಂಗ್, ಎರಡನೆಯದು ಪೂರ್ಣ ಹಾರಾಟ ಬೋಧಕನ ರೇಟಿಂಗ್. ಸಹಾಯಕನು ಹಿರಿಯ ಬೋಧಕನ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾನೆ. ಹಾಗೆ ಕಲಿಸಿದ ಅನುಭವ ಕೂಡಿದ ಮೇಲೆ ಪೂರ್ಣ ಬೋಧಕನಾಗಬಹುದು. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನಿಗೆ ಆಯ್ಕೆ ಎಂಬುದು ವಾಸ್ತವದಲ್ಲಿ ಸಹಾಯಕನ ದಾರಿಯೇ. ನೇರವಾಗಿ ಪೂರ್ಣ ಬೋಧಕನನ್ನಾಗಿ ಮಾಡುತ್ತೇವೆಂದು ಯಾರಾದರೂ ಆಸೆ ತೋರಿಸಿದರೆ ಹಣ ಕಟ್ಟುವ ಮುನ್ನ ಎರಡು ಬಾರಿ ಯೋಚಿಸಬೇಕು.

ಈ ತರಬೇತಿಯಲ್ಲಿ ಕಲಿಯುವುದೇನು? ಪೈಲಟ್ ಎಡಗಡೆಯ ಆಸನದಲ್ಲಿ ಕುಳಿತು, ಎಡಗೈಯಲ್ಲಿ ಚುಕ್ಕಾಣಿ, ಬಲಗೈಯಲ್ಲಿ ಎಂಜಿನ್ ವೇಗದ ಹಿಡಿ ಹಿಡಿದು ಅಭ್ಯಾಸ ಮಾಡಿರುತ್ತಾನೆ. ಬೋಧಕನ ಸ್ಥಾನ ಬಲಗಡೆ. ಅಲ್ಲಿ ಎರಡು ಕೈಗಳ ಕೆಲಸವೂ ಅದಲುಬದಲು. ಅಷ್ಟೇ ಅಲ್ಲ, ಹಾರಿಸುತ್ತಲೇ ಪ್ರತಿಯೊಂದು ಚಲನೆಯನ್ನು ಬಾಯಿಬಿಟ್ಟು ವಿವರಿಸಬೇಕು. ಶಿಷ್ಯ ತಪ್ಪು ಮಾಡಿದಾಗ ಯಾವ ಕ್ಷಣದವರೆಗೆ ಸುಮ್ಮನಿರಬೇಕು, ಯಾವ ಕ್ಷಣದಲ್ಲಿ ಹಿಡಿಯನ್ನು ತಾನೇ ತೆಗೆದುಕೊಳ್ಳಬೇಕು ಎಂಬುದೇ ಬೋಧಕನ ನಿಜವಾದ ವಿದ್ಯೆ. ಬೇಗ ಕೈಹಾಕಿದರೆ ಶಿಷ್ಯ ಕಲಿಯಲಾರ. ತಡಮಾಡಿದರೆ ಇಬ್ಬರೂ ಉಳಿಯಲಾರರು.

ಈ ದಾರಿಯ ಲಾಭವೆಂದರೆ ಹಾರಾಟದ ಗಂಟೆಗಳು. ಸಾರಿಗೆ ವಿಮಾನಗಳ ಕ್ಯಾಪ್ಟನ್ನನಿಗೆ ಬೇಕಾದ ಲೈಸೆನ್ಸಿಗೆ 1500 ಗಂಟೆಗಳ ಅನುಭವ ಅವಶ್ಯ. 200ರಿಂದ 1500ರವರೆಗಿನ ಈ ಅಂತರವನ್ನು ಕೈಯಿಂದ ಹಣ ಕೊಟ್ಟು ದಾಟುವುದು ಸಾಮಾನ್ಯ ಕುಟುಂಬಕ್ಕೆ ಆಗದ ಮಾತು. ಬೋಧಕನಾದವನು ದುಡಿಯುತ್ತಲೇ ಗಂಟೆಗಳನ್ನು ಗಳಿಸುತ್ತಾನೆ. ಆದರೆ ಆರಂಭದ ಸಂಬಳವನ್ನು ದೊಡ್ಡ ವಿಮಾನ ಕಂಪನಿಗಳ ಸಂಬಳಕ್ಕೆ ಹೋಲಿಸಿ ಸಾಲದ ಲೆಕ್ಕ ಹಾಕಬಾರದು.

ವಿದೇಶದಲ್ಲಿ ಪಡೆದ ಬೋಧಕ ಪ್ರಮಾಣಪತ್ರವೊಂದರಿಂದಲೇ ಇಲ್ಲಿ ಕಲಿಸಲು ಬಾರದು. ಭಾರತದ ಲೈಸೆನ್ಸ್ ಮತ್ತು ರೇಟಿಂಗ್ ಬೇಕು. ಹೆಲಿಕಾಪ್ಟರಿನ ದಾರಿಯೂ ಬೇರೆ. ವಿಮಾನದ ಬೋಧಕ ಅದನ್ನು ಕಲಿಸಲಾರ.

ವಾಯುಪಡೆಯ ದಾರಿ

ಖರ್ಚಿಲ್ಲದ ದಾರಿಯೂ ಒಂದಿದೆ. ವಾಯುಪಡೆಯ ಪೈಲಟ್ ಅಧಿಕಾರಿಗಳಲ್ಲಿ ಆಯ್ಕೆಯಾದವರನ್ನು ಚೆನ್ನೈ ಬಳಿಯ ತಾಂಬರಂನಲ್ಲಿರುವ ಬೋಧಕರ ಶಾಲೆ ತರಬೇತುಗೊಳಿಸುತ್ತದೆ. ನಮ್ಮದೇ ಬೀದರಿನಲ್ಲಿ ಹಾಕ್ ಜೆಟ್ ವಿಮಾನಗಳ ಮೇಲೆ ಯುವ ಪೈಲಟ್‌ಗಳಿಗೆ ಕಲಿಸುವವರು ಇಂಥ ಬೋಧಕರೇ. ಆದರೆ ಇದು ಮೊದಲು ದೇಶಸೇವೆ, ಆಮೇಲೆ ಉದ್ಯೋಗ. ಪಿ.ಯು.ಸಿ. ಓದುತ್ತಿರುವ ಮಕ್ಕಳ ತಂದೆತಾಯಿಗಳು ತೋಟ ಅಡವಿಡುವ ಮುಂಚೆ ಈ ಪರೀಕ್ಷೆಗಳ ವಿಷಯವನ್ನು ವಿಚಾರಿಸುವುದು ಒಳಿತು.

ಡ್ರೋನ್ ಬೋಧಕರು

ನಮ್ಮ ಜಿಲ್ಲೆಯ ಮಟ್ಟಿಗೆ ಹತ್ತಿರದ ದಾರಿ ಇದು. 2021ರ ಡ್ರೋನ್ ನಿಯಮಗಳ ಪ್ರಕಾರ ದೂರಚಾಲಕ ಪ್ರಮಾಣಪತ್ರಕ್ಕೆ ಹತ್ತನೆಯ ತರಗತಿ ತೇರ್ಗಡೆಯಾಗಿದ್ದು, 18ರಿಂದ 65ರೊಳಗಿನ ವಯಸ್ಸಾಗಿದ್ದರೆ ಸಾಕು; ಅಂಗೀಕೃತ ಸಂಸ್ಥೆಯಲ್ಲಿ ತರಬೇತಿ ಪಡೆಯಬೇಕು. ಪ್ರಮಾಣಪತ್ರ ಹತ್ತು ವರ್ಷ ಊರ್ಜಿತವಾಗಿರುತ್ತದೆ. ಕಲಿಸಬಯಸುವವರು ಇದರ ಮೇಲೆ ಬೋಧಕರ ತರಬೇತಿಯನ್ನು ಪಡೆಯಬೇಕು. ಡ್ರೋನುಗಳಲ್ಲಿ ತೂಕದ ಪ್ರಕಾರ ವರ್ಗಗಳಿವೆ: 2 ಕಿಲೋಗ್ರಾಂವರೆಗಿನದು ಸೂಕ್ಷ್ಮ, 25ರವರೆಗಿನದು ಸಣ್ಣದು, 150ರವರೆಗಿನದು ಮಧ್ಯಮ. ಯಾವ ವರ್ಗದ್ದನ್ನು ಕಲಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು.

2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ‘ನಮೋ ಡ್ರೋನ್ ದೀದಿ’ ಯೋಜನೆಯ ಗುರಿ 15,000 ಮಹಿಳಾ ಸಂಘಗಳು. ಔಷಧಿ ಸಿಂಪಡಿಸಲು ಕಲಿತ ಹೆಣ್ಣುಮಗಳು ಮುಂದೆ ನಮ್ಮ ಮಾತಿನಲ್ಲೇ ಕಲಿಸುವವಳಾದರೆ ಊರಿಗೆ ಎಷ್ಟು ಉಪಕಾರ! ಆದರೆ ಚಳ್ಳಕೆರೆಯಂಥ ರಕ್ಷಣಾ ನೆಲೆಯ ಸುತ್ತಮುತ್ತ ಹಾರಿಸುವ ಮುನ್ನ ಸರ್ಕಾರದ ವಾಯುಪ್ರದೇಶ ನಕ್ಷೆಯನ್ನು ನೋಡಲೇಬೇಕು. ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸುವುದು ಅಪರಾಧ.

ಹಣ ಕಟ್ಟುವ ಮುನ್ನ

ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಾಗಲಿ, ಖಾಸಗಿ ಶಾಲೆಯಾಗಲಿ, ತಂದೆಯೋ ತಾಯಿಯೋ ಒಮ್ಮೆ ಸ್ವತಃ ಹೋಗಿ ನೋಡಬೇಕು. ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು? ಪೂರ್ಣ ಬೋಧಕರು ಎಷ್ಟು ಜನ? ಕಳೆದ ವರ್ಷ ಸೇರಿದವರು ಎಷ್ಟು ತಿಂಗಳಲ್ಲಿ ಮುಗಿಸಿದರು? ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ? ರೇಟಿಂಗ್ ಆದ ಮೇಲೆ ಕೆಲಸ ಕೊಡುವ ಮಾತಿದ್ದರೆ ಅದು ಬರೆಹದಲ್ಲಿದೆಯೇ? ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವ ಶಾಲೆಯಿಂದ ದೂರವಿರುವುದೇ ಲೇಸು.

ಹೊಳಲ್ಕೆರೆಯ ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ಉಳಿದ ತೋಟವನ್ನು ಅಡವಿಡಬೇಡಿ. ಸಹಾಯಕ ಬೋಧಕನ ರೇಟಿಂಗಿಗೆ ಬೇಕಾದ ಹಣ ಕಂತಿನಲ್ಲಿ ಹೊಂದುವುದಾದರೆ ಮಾತ್ರ ಮುಂದುವರಿಯಿರಿ. ಅದಕ್ಕಿಂತ ಮೊದಲು ಮಗನನ್ನು ಕೇಳಿ, ಅವನಿಗೆ ಬೇಕಾದುದು ಗಂಟೆಗಳೋ, ಕಲಿಸುವ ಕೆಲಸವೋ ಎಂದು. ಗಂಟೆಗಾಗಿ ಮಾತ್ರ ಕಲಿಸುವವನ ಪಕ್ಕದಲ್ಲಿ ಕುಳಿತಿರುವುದು ಇನ್ನೊಬ್ಬ ತಂದೆಯ ಮಗು.

ಸಿರಿಗೆರೆ, ಸಾಣೇಹಳ್ಳಿಗಳಂಥ ವಿದ್ಯಾದಾನದ ನೆಲೆಗಳಿರುವ ಜಿಲ್ಲೆ ನಮ್ಮದು. ಕಲಿಸುವುದನ್ನು ಕಾಯಕವೆಂದೂ, ಕಲಿತುದನ್ನು ಹಂಚುವುದನ್ನು ದಾಸೋಹವೆಂದೂ ಬಸವಾದಿ ಶರಣರ ದಾರಿಯಲ್ಲಿ ನಂಬಿದವರು ನಾವು. ಅಕ್ಷರ ಕಲಿಸುವ ಗುರುವಿಗೆ ಸಲ್ಲುವ ಮಾತು ಆಕಾಶದಲ್ಲಿ ಕಲಿಸುವ ಗುರುವಿಗೂ ಸಲ್ಲುತ್ತದೆ. ಪ್ರಮಾಣಪತ್ರವನ್ನು ಆರಿಸುವಾಗ ಹಣದ ಲೆಕ್ಕದ ಜೊತೆಗೆ ಮನೆಮಂದಿಯೆಲ್ಲ ಕುಳಿತು ಈ ಲೆಕ್ಕವನ್ನೂ ಮಾಡಲಿ ಎಂಬುದು ನಮ್ಮ ಹಾರೈಕೆ.