ಗಾಡಿ ಎತ್ತರಿಸಿದ್ದಾಯ್ತು, ಈಗ ಯಾವ ಕಂಟ್ರೋಲ್ ಆರ್ಮ್ ಬದಲಿಸೋದು?

ಶನಿವಾರ ಬೆಳಗ್ಗೆ ನೆಲಮಂಗಲ ದಾಟಿ ಹಾಸನದ ಕಡೆ ಹೋಗುವ ರಸ್ತೆಯಲ್ಲಿ ಥಾರ್, ಜಿಮ್ನಿಗಳದ್ದೇ ಒಂದು ಮೆರವಣಿಗೆ. ಸಕಲೇಶಪುರದ ಮಣ್ಣುದಾರಿಯ ಆಸೆಗೆ ಲಿಫ್ಟ್ ಕಿಟ್ ಹಾಕಿಸಿ, ದೊಡ್ಡ ಟೈರ್ ಏರಿಸಿಕೊಂಡವರೂ ಅದರಲ್ಲಿ ಇರುತ್ತಾರೆ. ಎತ್ತರಿಸಿದ ಖುಷಿ ಒಂದು ವಾರ. ಆಮೇಲೆ ಶುರುವಾಗುತ್ತದೆ ಪ್ರಶ್ನೆ: "ಗುರೂ, ಹೈವೇಲಿ ಸ್ಟೀರಿಂಗ್ ಯಾಕೋ ತೇಲ್ತಾ ಇದೆ. ಕಂಟ್ರೋಲ್ ಆರ್ಮ್ ಫುಲ್ ಸೆಟ್ ಹಾಕಿಸ್ಲಾ?"

ಫುಲ್ ಸೆಟ್ ಬೇಕಾಗಿರುವುದು ತುಂಬಾ ಕಡಿಮೆ ಜನಕ್ಕೆ. ಆದರೆ ಬೇಕಾದ ಒಂದು ಜೋಡಿಯನ್ನು ಬಿಟ್ಟರೆ ತೊಂದರೆ ಬರೀ ದುಡ್ಡಿನದಲ್ಲ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ನೂರರ ಹತ್ತಿರ ಹೋಗುವಾಗ ಗಾಡಿ ನೇರ ನಿಲ್ಲಲೇಬೇಕು. ಹಾಗಾಗಿ ಯಾವುದನ್ನು ಮೊದಲು ಬದಲಿಸಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನೋದು ಗೊತ್ತಿರಲಿ.

ಎತ್ತರಿಸಿದಾಗ ಆಗೋದೇನು?

ಕಂಟ್ರೋಲ್ ಆರ್ಮ್ ಅಂದರೆ ಚಕ್ರವನ್ನೋ ಆಕ್ಸಲನ್ನೋ ಚಾಸಿಗೆ ಜೋಡಿಸುವ ಉಕ್ಕಿನ ತೋಳು. ಚಕ್ರ ಮೇಲೆ ಕೆಳಗೆ ಆಡಲು ಬಿಡಬೇಕು, ಹಿಂದೆ ಮುಂದೆ ಜಾರದಂತೆ ಹಿಡಿಯಬೇಕು. ಕಂಪನಿಯವರು ಅದರ ಉದ್ದವನ್ನು ಶೋರೂಮ್ ಎತ್ತರಕ್ಕೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ನಾವು 50 ಮಿ.ಮೀ. ಎತ್ತರಿಸಿದ ಕೂಡಲೇ ತೋಳು ಕೆಳಗೆ ಬಾಗಿ ನಿಲ್ಲುತ್ತದೆ, ಲೆಕ್ಕ ತಪ್ಪುತ್ತದೆ.

ಮುಖ್ಯವಾಗಿ ತಪ್ಪೋದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಹಿಂದಕ್ಕೆ ವಾಲಿರುತ್ತದಲ್ಲ, ಅದೇ ಕ್ಯಾಸ್ಟರ್. ಕೈಬಿಟ್ಟು ಸೈಕಲ್ ಓಡಿಸುವಾಗ ಅದು ನೇರ ಹೋಗಲು ಈ ವಾಲುವಿಕೆಯ ಪಾಲು ದೊಡ್ಡದು. ಕಾರಿನಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದೂ ಇದರಿಂದಲೇ. ಕ್ಯಾಸ್ಟರ್ ಕಡಿಮೆಯಾದರೆ ಗಾಡಿ ತೇಲುತ್ತದೆ, ಪ್ರತಿ ಲಾರಿ ದಾಟಿದಾಗಲೂ ಸಣ್ಣದಾಗಿ ತಿದ್ದುತ್ತಾ ಕೂರಬೇಕು.

ಥಾರ್: ಮುಂದಿನ ಮೇಲಿನ ಆರ್ಮ್

2020ರಲ್ಲಿ ಬಂದ ಥಾರ್‌ನ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್ ಇದೆ. ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್. ಎತ್ತರಿಸಿದಾಗ ಮೊದಲು ಕಷ್ಟಕ್ಕೆ ಬೀಳೋದು ಮೇಲಿನದು. ಅದರ ಬಾಲ್ ಜಾಯಿಂಟ್ ತನ್ನ ಕೋನದ ಮಿತಿಗೆ ಹತ್ತಿರವಾಗುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಆರ್ಮ್ ಹೋಗಿ ಸ್ಪ್ರಿಂಗಿಗೆ ತಾಗುವ ಸಾಧ್ಯತೆಯೂ ಇದೆ.

25 ಮಿ.ಮೀ. ಆಸುಪಾಸಿನ ಲಿಫ್ಟ್ ಆದರೆ ಸಾಮಾನ್ಯವಾಗಿ ವೀಲ್ ಅಲೈನ್‌ಮೆಂಟ್‌ನಲ್ಲೇ ಸರಿಹೋಗುತ್ತದೆ. 50 ಮಿ.ಮೀ. ದಾಟಿದರೆ ಮೇಲಿನ ಆರ್ಮ್ ಬದಲಿಸುವ ಯೋಚನೆ ಮಾಡಿ. ಒಳ್ಳೆಯ ಬದಲಿ ಆರ್ಮ್‌ನಲ್ಲಿ ಬಾಲ್ ಜಾಯಿಂಟಿನ ಕೋನ ಹೊಸ ಎತ್ತರಕ್ಕೆ ಹೊಂದುವಂತಿರುತ್ತದೆ, ಕ್ಯಾಸ್ಟರ್ ವಾಪಸ್ ಬರುವಂತೆ ಜಾಯಿಂಟನ್ನು ಸ್ವಲ್ಪ ಹಿಂದಕ್ಕೆ ಸರಿಸಿರುತ್ತಾರೆ.

ಕೆಳಗಿನ ಆರ್ಮ್ ಕತೆ ಬೇರೆ. ಸ್ಪ್ರಿಂಗ್ ಕೂರೋದು ಅದರ ಮೇಲೆ, ಮುಂಭಾಗದ ಭಾರ ಹೊರೋದು ಅದೇ. ಬಗ್ಗದೆ, ಬಿರುಕು ಬಿಡದೆ, ಬುಶ್ ಚೆನ್ನಾಗಿದ್ದರೆ ಅದನ್ನು ಬಿಟ್ಟುಬಿಡಿ. ನೋಡೋಕೆ ಚಂದ ಅಂತ ಹೆಸರಿಲ್ಲದ ವೆಲ್ಡಿಂಗ್ ಶಾಪಿನ ಆರ್ಮ್ ಹಾಕಿಸೋದಕ್ಕಿಂತ ಕಂಪನಿ ಆರ್ಮೇ ಮೇಲು.

ಜಿಮ್ನಿ: ಆರ್ಮ್‌ಗಿಂತ ಮೊದಲು ಬುಶ್

ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಒಂದೇ ತುಂಡಿನ ಆಕ್ಸಲ್. ಮುಂದಿನ ಆಕ್ಸಲನ್ನು ಎರಡು ಉದ್ದನೆಯ ಆರ್ಮ್‌ಗಳು ಹಿಡಿದಿವೆ. ಪ್ರತಿಯೊಂದೂ ಆಕ್ಸಲಿಗೆ ಎರಡು ಕಡೆ, ಚಾಸಿಗೆ ಒಂದು ಕಡೆ ಬೋಲ್ಟ್ ಆಗಿರುತ್ತದೆ. ಗಾಡಿ ಎತ್ತರವಾದರೆ ಆರ್ಮ್ ಜೊತೆಗೆ ಆಕ್ಸಲೂ ತಿರುಗುತ್ತದೆ, ಕ್ಯಾಸ್ಟರ್ ಹೋಗುತ್ತದೆ.

ಇದಕ್ಕೆ ಕಡಿಮೆ ಖರ್ಚಿನ ದಾರಿ ಕ್ಯಾಸ್ಟರ್ ಬುಶ್. ಇದರ ತೂತು ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುತ್ತದೆ. ಅದೇ ಆರ್ಮ್‌ಗೆ ಹಾಕಿದರೆ ಆಕ್ಸಲ್ ಮತ್ತೆ ಹಿಂದಕ್ಕೆ ವಾಲುತ್ತದೆ. 50 ಮಿ.ಮೀ.ವರೆಗಿನ ಲಿಫ್ಟಿಗೆ ಸಾಮಾನ್ಯವಾಗಿ ಇಷ್ಟು ಸಾಕು. ಹೊಸ ಆರ್ಮ್ ಬೇಕಾಗೋದು ಇನ್ನೂ ಮೇಲಕ್ಕೆ ಹೋದಾಗ.

ಜಿಮ್ನಿ ಮಾಲೀಕರು ಮರೆಯಬಾರದ ಇನ್ನೊಂದು ಭಾಗ ಪ್ಯಾನ್‌ಹಾರ್ಡ್ ರಾಡ್. ಆಕ್ಸಲ್ ಎಡಬಲಕ್ಕೆ ಜಾರದಂತೆ ಹಿಡಿಯುವ ಅಡ್ಡ ರಾಡ್ ಇದು. ಎತ್ತರಿಸಿದಾಗ ಇದು ಓರೆಯಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನಿಂದ ನೋಡಿದರೆ ಒಂದು ಟೈರ್ ಹೊರಗೆ, ಇನ್ನೊಂದು ಒಳಗೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಆಕ್ಸಲ್ ನಡುವಿಗೆ ಬರುತ್ತದೆ.

ರ‍್ಯಾಂಗ್ಲರ್: ಒಂದೇ ಜೋಡಿಗೆ ದುಡ್ಡಿದ್ದರೆ

ಜೀಪ್ ರ‍್ಯಾಂಗ್ಲರ್‌ನ ಮುಂದಿನ ಆಕ್ಸಲಿಗೆ ಮೇಲೆ ಎರಡು, ಕೆಳಗೆ ಎರಡು ಆರ್ಮ್. ಹಿಂದೆಯೂ ಅಷ್ಟೇ. ಒಂದೇ ಜೋಡಿ ಕೊಳ್ಳೋದಾದರೆ ಮುಂದಿನ ಕೆಳಗಿನ ಜೋಡಿ. ಇವನ್ನು ಸ್ವಲ್ಪ ಉದ್ದ ಮಾಡಿದರೆ ಆಕ್ಸಲಿನ ಕೆಳಭಾಗ ಮುಂದಕ್ಕೆ ಸರಿದು ಕ್ಯಾಸ್ಟರ್ ಹೆಚ್ಚುತ್ತದೆ. ಬಂಡೆಗೆ ಮೊದಲು ತಾಗೋದೂ ಇವೇ ಆದ್ದರಿಂದ ಗಟ್ಟಿಯಾಗಿದ್ದಷ್ಟು ಒಳ್ಳೆಯದು.

ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಮುಂದಿನ ಡಿಫರೆನ್ಶಿಯಲ್ಲಿನ ಮೂತಿ ಕೆಳಗೆ ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಹದಗೆಡುತ್ತದೆ. ನಮ್ಮ ಕೋಡಿನ ಹಾಗೇ ಇದು. ಒಂದು ಲೈನ್ ಸರಿ ಮಾಡಿದರೆ ಇನ್ನೆಲ್ಲೋ ಬಗ್. ಎರಡೂ ಬದಿ ಸಮಾಧಾನ ಆಗುವ ನಡುವಿನ ಅಳತೆಯನ್ನೇ ಆರಿಸಬೇಕು.

ತೋಳಿನಷ್ಟೇ ಮುಖ್ಯ ಅದರ ಕೀಲು

ಹೊಸ ಆರ್ಮ್ ಕೊಳ್ಳುವಾಗ ಪೈಪ್ ದಪ್ಪ ನೋಡುತ್ತೇವೆ, ತುದಿಯ ಜಾಯಿಂಟ್ ನೋಡೋದೇ ಇಲ್ಲ.

- ರಬ್ಬರ್ ಬುಶ್: ಸದ್ದಿಲ್ಲ, ಗ್ರೀಸ್ ಬೇಡ, ಚೆನ್ನಾಗಿ ತಿರುಚಿಕೊಳ್ಳುತ್ತದೆ. ದಿನಾ ಆಫೀಸಿಗೆ ಓಡಿಸುವವರಿಗೆ ಇದೇ ಸರಿ.
- ಪಾಲಿಯುರೆಥೇನ್ ಬುಶ್: ಬಿಗಿ ಹಿಡಿತ, ಆದರೆ ಗ್ರೀಸ್ ಒಣಗಿದರೆ ಕಿರ್ ಅನ್ನುತ್ತದೆ. ಜಿಮ್ನಿಯಂಥ ವಿನ್ಯಾಸದಲ್ಲಿ ಆಕ್ಸಲ್ ಓರೆಯಾಗಬೇಕಾದರೆ ಬುಶ್ ತಿರುಚಲೇಬೇಕು. ತೀರಾ ಬಿಗಿಯಾದ ಪಾಲಿ ಅದನ್ನು ತಡೆಯುತ್ತದೆ.
- ಗುಂಡು ಜಾಯಿಂಟ್: ಎಲ್ಲಾ ದಿಕ್ಕಿಗೂ ಸಲೀಸಾಗಿ ತಿರುಗುತ್ತದೆ. ಕೆಸರು ನೀರಿನಲ್ಲಿ ಬೇಗ ಸವೆಯಬಹುದು, ಸದ್ದನ್ನೂ ಒಳಗೆ ಬಿಡುತ್ತದೆ. ಆಗಾಗ ನೋಡಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ.

ದುಡ್ಡು ಕೊಡೋ ಮುಂಚೆ

ಮೊದಲ ಖರ್ಚು ಆರ್ಮಿಗಲ್ಲ, ವೀಲ್ ಅಲೈನ್‌ಮೆಂಟ್ ಪ್ರಿಂಟ್‌ಔಟಿಗೆ. ಅದರಲ್ಲಿ ಟೋ ಮಾತ್ರವಲ್ಲ, ಕ್ಯಾಸ್ಟರ್, ಕ್ಯಾಂಬರ್ ಅಳತೆಯೂ ಇರಲಿ. ಸ್ಟೀರಿಂಗ್ ನೇರಕ್ಕೆ ಬರದಿದ್ದರೆ ಕ್ಯಾಸ್ಟರ್ ನೋಡಿ. ಟೈರಿನ ಒಂದೇ ಅಂಚು ಸವೆದರೆ ಕ್ಯಾಂಬರ್, ಟೋ. ಹಂಪ್ ಮೇಲೆ ಟಕ್ ಟಕ್ ಅಂದರೆ ಬುಶ್, ಬಾಲ್ ಜಾಯಿಂಟ್. ಒಂದೇ ವೇಗದಲ್ಲಿ ನೆಲದಿಂದ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟ್. ಜಿಮ್ನಿ, ರ‍್ಯಾಂಗ್ಲರ್‌ನಲ್ಲಿ ಗುಂಡಿ ಹಾರಿದ ಕೂಡಲೇ ಸ್ಟೀರಿಂಗ್ ಜೋರಾಗಿ ಒದರಿದರೆ ಹೊಸ ಆರ್ಮ್ ಆರ್ಡರ್ ಮಾಡಬೇಡಿ. ಪ್ಯಾನ್‌ಹಾರ್ಡ್ ಬುಶ್, ಟೈ ರಾಡ್ ತುದಿಗಳು, ವೀಲ್ ಬ್ಯಾಲೆನ್ಸ್ ಮೊದಲು ನೋಡಿಸಿ.

ಫಿಟ್ಟಿಂಗ್ ದಿನ ಪಕ್ಕದಲ್ಲೇ ನಿಂತಿರಿ. ರಬ್ಬರ್ ಬುಶ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತಾಗ ಆಗಬೇಕು, ಲಿಫ್ಟಿನಲ್ಲಿ ನೇತಾಡುವಾಗ ಅಲ್ಲ. ಹಾಗೆ ಬಿಗಿದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯುತ್ತಿಲ್ಲವೇ ನೋಡಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿ ನೋಂದಣಿಯಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಕಿಟ್ ಕೊಳ್ಳುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ, ವಾರಂಟಿ ಷರತ್ತು ಓದಿಕೊಳ್ಳಿ. ಕ್ಲೇಮ್ ಹೊತ್ತಲ್ಲಿ "ಗೊತ್ತಿರಲಿಲ್ಲ" ಅಂದರೆ ಯಾರೂ ಕೇಳೋದಿಲ್ಲ.

ಇಷ್ಟೆಲ್ಲಾ ನೋಡಿದ ಮೇಲೆ ಪಟ್ಟಿ ಚಿಕ್ಕದಾಗುತ್ತದೆ. ಥಾರ್‌ಗೆ ಮೇಲಿನ ಜೋಡಿ, ಜಿಮ್ನಿಗೆ ಬುಶ್ ಮತ್ತು ಪ್ಯಾನ್‌ಹಾರ್ಡ್, ರ‍್ಯಾಂಗ್ಲರ್‌ಗೆ ಮುಂದಿನ ಕೆಳಗಿನ ಜೋಡಿ. ಉಳಿದ ದುಡ್ಡಲ್ಲಿ ಒಳ್ಳೆಯ ಟೈರ್, ಒಂದು ಗಟ್ಟಿ ಹಗ್ಗ ಮತ್ತು ಇಂಧನ. ಮಣ್ಣಿನ ದಾರಿಯಲ್ಲಿ ಕೆಲಸಕ್ಕೆ ಬರೋದು ಇವೇ.