ನಾಲೆಯ ಏರಿಯ ಮೇಲೆ

ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಸೈಕಲ್ಲು ತುಳಿಯುವವನಿಗೆ ಎರಡು ಬಗೆಯ ದಾರಿಗಳುಂಟು. ಹೆದ್ದಾರಿ ಮನುಷ್ಯನ ಅವಸರಕ್ಕಾಗಿ ಹುಟ್ಟಿದ್ದು. ನಾಲೆಯ ಏರಿಯ ಗರಸು ಹಾದಿ ನೀರಿನ ಗತಿಯನ್ನು ಅನುಸರಿಸಿದ್ದು. ನಾನು ಏರಿಯನ್ನೇ ಆರಿಸುತ್ತೇನೆ. ನೀರು ದಿಣ್ಣೆ ಹತ್ತಲಾರದು. ಆದುದರಿಂದ ನಾಲೆ ತೋಡಿದವರು ಗುಡ್ಡ ಬಂದಲ್ಲಿ ಬಳಸಿ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಅದನ್ನು ಕೊಂಡೊಯ್ದರು. ಅವರ ಲೆಕ್ಕಾಚಾರದ ಫಲವನ್ನು ಇಂದು ನನ್ನ ಮೊಣಕಾಲುಗಳು ಉಣ್ಣುತ್ತಿವೆ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಹೊರಡುವ ಎಡದಂಡೆ ನಾಲೆ ಸುಮಾರು 77, ಬಲದಂಡೆ ನಾಲೆ ಸುಮಾರು 103 ಕಿಲೋಮೀಟರು ಉದ್ದ. ಮೊದಲಲ್ಲಿ ಕಾಡಿನ ನೆರಳು. 1923ರಲ್ಲಿ ಉರಿಯತೊಡಗಿದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಇದ್ದಿಲನ್ನು ಒದಗಿಸಿದ್ದು ಈ ಸೀಮೆಯ ಕಾಡುಗಳೇ. ಮುಂದೆ ಅಡಿಕೆ, ತೆಂಗು, ಬತ್ತದ ಗದ್ದೆಗಳು.

ಆದರೆ ಏರಿ ಬರಿಯ ವಿಹಾರದ ಹಾದಿಯಲ್ಲ. ತೂಬಿನಿಂದ ತೂಬಿಗೆ ಸಾಗುತ್ತ ನೋಡಿರಿ: ತಲೆಯಲ್ಲಿ ತುಂಬಿ ಹರಿದ ನೀರು ಕೊನೆಯ ಊರುಗಳನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಮೊದಲಿನವನ ಗದ್ದೆ ಕೆರೆಯಂತಿದ್ದರೆ ಕೊನೆಯವನು ಮುಗಿಲು ನೋಡುತ್ತಾನೆ. ಮೋಟಾರಿನ ವೇಗಕ್ಕೆ ಈ ಅಂತರ ಕಾಣದು; ಕಾಲ್ನಡಿಗೆಗೆ ಒಂದು ದಿನದಲ್ಲಿ ಎಟುಕದು. ಸೈಕಲ್ಲಿಗೆ ಮಾತ್ರ ತಲೆಯೂ ಕೊನೆಯೂ ಒಂದೇ ಹಗಲಿನಲ್ಲಿ ದಕ್ಕುತ್ತವೆ.

ಏರಿಯನ್ನು ಕಟ್ಟಿದ್ದು ನಮ್ಮ ಸವಾರಿಗಲ್ಲ. ನೀರುಗಂಟಿ ಎದುರಾದರೆ ಇಳಿದು ದಾರಿ ಬಿಡುವುದು, ಮಳೆಗಾಲದ ಒದ್ದೆ ಏರಿಯ ಮೇಲೆ ಚಕ್ರದ ಗೆರೆ ಕೊರೆಯದಿರುವುದು ಸವಾರನ ಧರ್ಮ. ಆ ಗೆರೆಯಲ್ಲಿ ನೀರಿಳಿದು ಏರಿ ಸವೆದರೆ, ನಷ್ಟ ತಾಗುವುದು ಮತ್ತೆ ಆ ಕೊನೆಯ ಗದ್ದೆಯವನಿಗೇ.